ಬರೋಡಕ್ಕೆ ಬಂದ ನೀಲಿ ಚಿಟ್ಟೆ

೧೯೬೭ರಲ್ಲಿ ಬರೋಡದ ಮಳೆ ತಡವಾಗಿ ಶುರುವಾದರೂ ಕೈಬಿಡಲಿಲ್ಲ. ಶ್ರಾವಣದ ಒಂದು ಬೆಳಿಗ್ಗೆ ಕಮಾಟಿಬಾಗ್ ಉದ್ಯಾನದ ಒಳದಾರಿಯಲ್ಲಿ ವೈದೇಹಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದಾಗ, ದಾಸವಾಳದ ಮೇಲಿಂದ ಅಂಗೈಯಗಲದ ಕಪ್ಪು ಚಿಟ್ಟೆಯೊಂದು ಎದ್ದು ಅವಳ ಮುಂದೆಯೇ ಹಾದುಹೋಯಿತು. ಹಿಂದಿನ ರೆಕ್ಕೆಗಳ ತುಂಬ ನೀಲಿ. ಸೈಕಲ್ಲನ್ನು ಅಲ್ಲೇ ಕೆಡವಿ ಹಿಂದೆ ಓಡಿದಳು. ಅದು ಮರಗಳ ಮೇಲೇರಿ ನದಿಯ ಕಡೆ ಮರೆಯಾಯಿತು.

ಬ್ಲೂ ಮಾರ್ಮನ್. ಗುರುತು ತಪ್ಪುವ ಮಾತೇ ಇರಲಿಲ್ಲ. ರೈಲ್ವೆಯಲ್ಲಿದ್ದ ಅಪ್ಪ ಕೇಶವರಾಯರಿಗೆ ಇಲ್ಲಿಗೆ ವರ್ಗವಾಗುವ ತನಕ ಅವಳು ಬೆಳೆದದ್ದು ಮೈಸೂರಿನಲ್ಲಿ. ಈ ಚಿಟ್ಟೆಯ ಹಿಂದೆ ಓಡಿ ಮೊಣಕಾಲು ತರಚಿಕೊಂಡವಳು. ಈಗ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು. ಅವಳ ಪುಸ್ತಕದ ಪ್ರಕಾರ ಈ ಚಿಟ್ಟೆ ದಕ್ಷಿಣದ ತೇವದ ಕಾಡುಗಳದ್ದು, ಹೆಚ್ಚೆಂದರೆ ದಕ್ಷಿಣ ಗುಜರಾತಿನ ಡಾಂಗ್ ಕಾಡಿನವರೆಗೆ ಬಂದೀತು. ಬರೋಡದಲ್ಲಿ ಅದಕ್ಕೇನು ಕೆಲಸ?

ವಿಭಾಗದಲ್ಲಿ ಹೇಳಿದಾಗ ಪ್ರಾಧ್ಯಾಪಕ ಹರಿಪ್ರಸಾದ್ ನಕ್ಕುಬಿಟ್ಟರು.

“ಮದ್ರಾಸಿ ಹುಡುಗಿಗೆ ಊರು ನೆನಪಾಗಿದೆ.”

“ಮೈಸೂರು, ಸರ್.”

“ಎರಡೂ ದೂರವೇ. ಕಣ್ಣಿಗೆ ಕಂಡದ್ದೆಲ್ಲ ದಾಖಲೆ ಆಗೋದಿಲ್ಲಮ್ಮ. ಮಾದರಿ ತಂದು ನನ್ನ ಮೇಜಿನ ಮೇಲಿಡು, ಆಮೇಲೆ ಮಾತಾಡೋಣ.”

ಸಹಪಾಠಿಗಳೂ ನಕ್ಕರು. ಮನೆಗೆ ಬಂದವಳು ಚೀಲವನ್ನು ಮಂಚದ ಮೇಲೆ ಎಸೆದು ಕೂತಳು. ಕೇಶವರಾಯರು ಪೂರ್ತಿ ಕೇಳಿಸಿಕೊಂಡರು.

“ನೀನು ನೋಡಿದ್ದು ಅದೇನಾ? ಖಂಡಿತವಾಗಿ?”

“ಅದೇ ಅಪ್ಪ.”

“ಹಾಗಾದ್ರೆ ಕೂತ್ಕೊಂಡು ಏನ್ಮಾಡ್ತೀಯ? ನಾವು ಈ ಊರಿಗೆ ಬಂದಾಗ ಮೊದಲು ಹುಡುಕಿದ್ದು ಬಾಡಿಗೆ ಮನೆ. ಆ ಚಿಟ್ಟೆ ಏನು ಹುಡುಕುತ್ತೆ, ಯೋಚನೆ ಮಾಡು.”

ಅವಳಿಗೆ ತಟ್ಟನೆ ಹೊಳೆಯಿತು. ಹೆಣ್ಣು ಚಿಟ್ಟೆಯಾಗಿದ್ದರೆ ಮೊಟ್ಟೆಯಿಡಲು, ತನ್ನ ಹುಳುಗಳು ತಿನ್ನುವ ನಿಂಬೆ ಗಿಡ ಹುಡುಕುತ್ತದೆ.

ಕಾಲೇಜು ಮುಗಿದ ಮೇಲೆ ದಿನವೂ ಊರಿನ ನಿಂಬೆ ಗಿಡಗಳನ್ನು ಹುಡುಕಿಕೊಂಡು ಅಲೆದಳು. ಎಲ್ಲ ಕಡೆಯೂ ನಿರಾಸೆಯೇ. ಕೆಲವರು ಹುಳುಗಳನ್ನು ಹೆಕ್ಕಿ ಬಿಸಾಡಿದ್ದರು, ಇನ್ನು ಕೆಲವರು ಔಷಧಿಪುಡಿ ಎರಚಿ ಎಲೆಗಳನ್ನು ಬೆಳ್ಳಗೆ ಮಾಡಿಟ್ಟಿದ್ದರು. ಕೊನೆಗೆ ಮಾಂಡ್ವಿ ದ್ವಾರದ ಹತ್ತಿರದ ಹಳೆಯ ಓಣಿಯೊಂದರಲ್ಲಿ, ತೆರೆದ ಬಾಗಿಲಿನಾಚೆಯ ಅಂಗಳದಲ್ಲಿ, ಅರ್ಧ ಬೋಳಾದ ನಿಂಬೆ ಗಿಡ ಕಂಡಿತು. ಉಳಿದರ್ಧದ ತುಂಬ ಹಸಿರು ಹುಳುಗಳು.

ಮನೆಯೊಡತಿ ಶಕುಂತಲಾಬೇನ್ ವಯಸ್ಸಾದ ಜೈನ ವಿಧವೆ. ವೈದೇಹಿ ಗಿಡವನ್ನೇ ನೋಡುತ್ತ ನಿಂತದ್ದನ್ನು ಕಂಡು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

“ಇವುಗಳನ್ನ ತೆಗೆದುಹಾಕಲಿಲ್ಲವಾ, ಅಜ್ಜಿ?” ಎಂದು ವೈದೇಹಿ ಗುಜರಾತಿಯಲ್ಲಿ ಕೇಳಿದಳು.

“ಯಾಕೆ ತೆಗೀಲಿ ಬೇಟಾ? ನನಗೆ ನಿಂಬೆಹಣ್ಣು ಮಾರ್ಕೆಟ್‌ನಲ್ಲಿ ಸಿಗುತ್ತೆ. ಅವು ಎಲ್ಲಿಗೆ ಹೋಗ್ತಾವೆ?”

ಹುಳುವಾಗಿದ್ದಾಗ ಇದು ಯಾವ ಚಿಟ್ಟೆಯದೆಂದು ಹೇಳುವುದು ಕಷ್ಟ. ಕೆಲವನ್ನು ಮನೆಗೆ ಒಯ್ದು ಸಾಕಿ ನೋಡುತ್ತೇನೆಂದು ವೈದೇಹಿ ಕೇಳಿಕೊಂಡಳು. ಮುದುಕಿ ಅವಳ ಮುಖವನ್ನೇ ನೋಡಿದರು.

“ಒಯ್ಯಿ. ಆದರೆ ಒಂದನ್ನೂ ಕೊಲ್ಲಕೂಡದು. ರೆಕ್ಕೆ ಬಂದ ಮೇಲೆ ಇಲ್ಲೇ ತಂದು ಬಿಡಬೇಕು. ಮಾತು ಕೊಡ್ತೀಯಾ?”

ಕೊಟ್ಟಳು. ಆಗ ಅದು ದೊಡ್ಡ ಮಾತು ಅನ್ನಿಸಲಿಲ್ಲ.

ಸೊಳ್ಳೆಪರದೆಯ ತುಂಡು ಹೊದಿಸಿದ ಹಣ್ಣಿನ ಪೆಟ್ಟಿಗೆಯಲ್ಲಿ ಹುಳುಗಳು ತಿಂದು ಕೊಬ್ಬಿ, ಒಂದೊಂದಾಗಿ ಕೋಶ ಕಟ್ಟಿದವು. ಮೊದಲು ಹೊರಬಂದವೆಲ್ಲ ಊರಲ್ಲಿ ಎಲ್ಲೆಲ್ಲೂ ಕಾಣುವ ಸಾಧಾರಣ ಚಿಟ್ಟೆಗಳು. ಮಾತಿನಂತೆ ಅವನ್ನು ಅಂಗಳಕ್ಕೆ ಒಯ್ದು ಬಿಟ್ಟಳು. ಕಡೆಗೆ ಒಂದೇ ಒಂದು ಕೋಶ ಉಳಿಯಿತು, ಉಳಿದವಕ್ಕಿಂತ ದಪ್ಪನೆಯದು. ಅವಳು ಆಸೆಯನ್ನೇ ಬಿಟ್ಟಿದ್ದ ಒಂದು ಬೆಳಿಗ್ಗೆ ಅಪ್ಪ ಕೂಗಿದರು: “ವೈದೂ, ಬೇಗ ಬಾರೇ!”

ಪೆಟ್ಟಿಗೆಯೊಳಗೆ, ಮುದುಡಿದ ರೆಕ್ಕೆಗಳು ನಿಧಾನವಾಗಿ ಅರಳಿಕೊಳ್ಳುತ್ತಿದ್ದವು. ಕಪ್ಪು, ಅದರ ಕೆಳಗೆ ನೀಲಿ.

ಅವಳು ಪೆಟ್ಟಿಗೆಯನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿ ನೇರ ವಿಭಾಗಕ್ಕೆ ಹೋದಳು. ಹರಿಪ್ರಸಾದರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಈ ಸಲ ನಗಲಿಲ್ಲ.

“ನನ್ನದೇ ತಪ್ಪು,” ಎಂದರು. ಆಮೇಲೆ ಕಪಾಟಿನಿಂದ ಕೀಟ ಕೊಲ್ಲುವ ಸೀಸೆ ತೆಗೆದರು. “ರೆಕ್ಕೆ ಹರಿಯೋದಕ್ಕೆ ಮುಂಚೆ ಹಾಕಿಬಿಡೋಣ.”

ವೈದೇಹಿ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. “ಆಗೋದಿಲ್ಲ ಸರ್. ಮಾತು ಕೊಟ್ಟಿದ್ದೇನೆ.”

“ಯಾರಿಗೆ?”

ಹೇಳಿದಳು. ಅವರ ಮುಖ ಕೆಂಪಾಯಿತು. “ಇದಿಲ್ಲದೆ ನಿನ್ನ ದಾಖಲೆಯನ್ನ ಯಾರೂ ಒಪ್ಪೋದಿಲ್ಲ. ಗೊತ್ತಿದೆ ತಾನೇ?”

“ಗೊತ್ತಿದೆ ಸರ್.” ಅವಳು ಕೈ ತೆಗೆಯಲಿಲ್ಲ. “ಆ ಅಜ್ಜಿ ಹುಳು ಉಳಿಸದಿದ್ದರೆ ಇವತ್ತು ನೀವಾಗಲಿ ನಾನಾಗಲಿ ಇದನ್ನ ನೋಡ್ತಿರಲಿಲ್ಲ.”

ಹರಿಪ್ರಸಾದರು ಬಗ್ಗಿ ಪೆಟ್ಟಿಗೆಯೊಳಗೆ ಮತ್ತೊಮ್ಮೆ ನೋಡಿದರು. ಕೊನೆಗೆ ಸೀಸೆ ಒಳಗಿಟ್ಟು, ವಿಭಾಗದ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡರು. “ನಡಿ. ಆ ಗಿಡ ತೋರಿಸು.”

ಅಂಗಳದಲ್ಲಿ ಶಕುಂತಲಾಬೇನ್ ಪ್ರಾಧ್ಯಾಪಕರಿಗೆ ಚಪ್ಪಲಿ ಹೊರಗೆ ಬಿಡಲು ಹೇಳಿ ಮಣೆ ಹಾಕಿದರು. “ನೋಡಿ. ಎಷ್ಟು ಹೊತ್ತು ಬೇಕಾದರೂ ನೋಡಿ. ನೋಡಿದರೆ ಅದಕ್ಕೇನೂ ನೋವಾಗೋದಿಲ್ಲ.”

ಪರದೆ ಸರಿಸಿದರೂ ಚಿಟ್ಟೆ ಹಾರಲಿಲ್ಲ. ನಿಂಬೆಯ ಟೊಂಗೆಗೆ ಹತ್ತಿ, ರೆಕ್ಕೆ ಒಣಗಿಸಿಕೊಳ್ಳುತ್ತ ಕುಳಿತಿತು. ಹರಿಪ್ರಸಾದರು ಮೊಣಕಾಲೂರಿ ಫೋಟೊ ತೆಗೆದರು, ರೆಕ್ಕೆಯ ಪಕ್ಕ ಅಳತೆಪಟ್ಟಿ ಹಿಡಿದರು. ಫೋಟೊದಲ್ಲಿ ಬಣ್ಣ ಬರುವುದಿಲ್ಲವೆಂದು ಆ ನೀಲಿಯನ್ನು ಇಂಗ್ಲಿಷಿನಲ್ಲಿ ಬರೆಯಲು ಹೋಗಿ ಎರಡು ಸಲ ಹೊಡೆದುಹಾಕಿದರು. ವೈದೇಹಿ ಒಡೆದ ಕೋಶವನ್ನು ಹತ್ತಿಯಲ್ಲಿ ಸುತ್ತಿ ಅವರ ಕೈಗಿಟ್ಟಳು. ಅವರು ಅದನ್ನು ಜೋಪಾನವಾಗಿ ಜೇಬಿಗಿಳಿಸಿದರು.

ಬಿಸಿಲೇರಿತು. ಚಿಟ್ಟೆ ರೆಕ್ಕೆ ಬಡಿದು ಅಂಗಳಕ್ಕೆ ಒಂದು ಸುತ್ತು ಹಾಕಿ, ಮಾಡಿನಾಚೆ ಹಾರಿಹೋಯಿತು. ಶಕುಂತಲಾಬೇನ್ ಕೈಮುಗಿದರು.

“ಇಷ್ಟರಿಂದ ಎಲ್ಲರೂ ಒಪ್ಪುತ್ತಾರೆ ಅಂತ ನಾನು ಹೇಳಲಾರೆ,” ಎಂದರು ಹರಿಪ್ರಸಾದ್, ಮಂಡಿಯ ಮಣ್ಣು ಕೊಡವಿಕೊಳ್ಳುತ್ತ. “ನಾನು ಒಪ್ಪಿದ್ದೇನೆ, ಬರೆದು ಸಹಿ ಹಾಕ್ತೇನೆ. ಬಂದದ್ದು ಒಂದೇನಾ, ಇನ್ನೂ ಇವೆಯಾ? ಮುಂದಿನ ಮಳೆಗಾಲ ಊರಿನ ನಿಂಬೆ ಗಿಡಗಳನ್ನೆಲ್ಲ ನೋಡಬೇಕು. ಅದನ್ನೇ ನಿನ್ನ ಸಂಶೋಧನೆಯ ವಿಷಯ ಮಾಡಿಕೊಳ್ತೀಯಾ?”

ವೈದೇಹಿ ಹೂಂ ಎಂದು ತಲೆಯಾಡಿಸಿದಳು.

“ಮೊದಲು ಊಟ,” ಎಂದು ಶಕುಂತಲಾಬೇನ್ ಒಳಗಿನಿಂದ ಕೂಗಿದರು. ಬೆಳಗಿನಿಂದ ತಾನೇನೂ ತಿಂದಿಲ್ಲವೆಂಬುದು ವೈದೇಹಿಗೆ ಆಗಲೇ ನೆನಪಾದದ್ದು. ತೆಳು ಚಪಾತಿಯಂಥ ಬಿಸಿ ರೊಟ್ಲಿಯ ಮೇಲೆ ತುಪ್ಪ ಕರಗುತ್ತಿತ್ತು. ಎದುರಿನ ಮಣೆಯಲ್ಲಿ ಕೂತ ಪ್ರಾಧ್ಯಾಪಕರು, ಮೈಸೂರಿನಲ್ಲಿ ಇನ್ನೂ ಯಾವ ಯಾವ ಚಿಟ್ಟೆಗಳಿವೆ ಎಂದು ಕೇಳತೊಡಗಿದರು.