ಬಾಗಿಲಾಚೆಯ ಪಿಸುಮಾತು

ಅಕ್ಕನ ಮಗಳು ಗುಬ್ಬಿ ನರ್ಸಿಂಗ್ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದು, ಮತ್ತೆ ಓದಲೆಂದು ಚಿಕ್ಕಮ್ಮನ ಮನೆಗೆ ಬಂದಿದ್ದಳು. ಚಿಕ್ಕಮ್ಮ ಬಟ್ಟೆ ಹೊಲಿಯುವವಳು. ಗಿರಾಕಿ ಹೇಳಿದ ಅಳತೆಯನ್ನು ನಂಬದೆ ತಾನೇ ಟೇಪು ಹಿಡಿದು ಮತ್ತೊಮ್ಮೆ ಅಳೆಯುವ ಜಾಯಮಾನ. ಬಂದ ದಿನವೇ ಹುಡುಗಿ ತಾನಾಗಿ ಫೋನು ತಂದೊಪ್ಪಿಸಿದಾಗ ಅವಳಿಗೆ ಸಮಾಧಾನವಾಗಲಿಲ್ಲ. ಇಷ್ಟು ಸಲೀಸಾಗಿ ಕೊಟ್ಟಳೆಂದರೆ ಇನ್ನೊಂದು ಇಟ್ಟುಕೊಂಡಿರಲೇಬೇಕು ಅನ್ನಿಸಿತು.

ಒಂದು ಮಧ್ಯಾಹ್ನ ಮಿಷನ್ ನಿಲ್ಲಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಾಗ ಒಳಕೋಣೆಯಿಂದ ಪಿಸುಮಾತು ಕೇಳಿಸಿತು.

"ಸುಳ್ಳು ಹೇಳ್ಬೇಡ. ಬಾಯಿಪಾಠ ಬೇಡ ನಂಗೆ. ನಾಳೆ ಮತ್ತೆ ಕೇಳ್ತೀನಿ, ಆಗ ತಪ್ಪಿಸ್ಕೊಳ್ಳೋಕಾಗಲ್ಲ."

ಇದು ಆ ಇನ್ನೊಂದು ಫೋನೇ ಅಂದುಕೊಂಡು ಚಿಕ್ಕಮ್ಮ ಎದ್ದಳು. ಕಾಫಿ ಹಿಡಿದು ಬಾಗಿಲು ತಟ್ಟಿದಳು. ಮಾತು ಗಪ್ಪನೆ ನಿಂತಿತು. ಗುಬ್ಬಿಯ ಮುಖ ಕೆಂಪಗಾಗಿತ್ತು.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದರೆ ಅವನು ನಕ್ಕುಬಿಟ್ಟ. "ನಿಂಗೆ ಕಿವಿ ಎರಡಲ್ಲ ಕಣೇ, ನಾಲ್ಕು."

ಮರುದಿನ ಗುಬ್ಬಿ ಸ್ನಾನಕ್ಕೆ ಹೋದದ್ದೇ ತಡ, ಚಿಕ್ಕಮ್ಮ ಅವಳ ಹಾಸಿಗೆ ಎತ್ತಿದಳು, ದಿಂಬು ಅದುಮಿದಳು, ಕಪಾಟಿನ ಬಟ್ಟೆ ಕೆದಕಿದಳು. ಏನೂ ಸಿಗಲಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಹುಡುಗಿ, ತಲೆಗೆ ಟವೆಲು ಸುತ್ತಿಕೊಂಡು.

"ಏನ್ ಹುಡುಕ್ತಿದೀಯಾ ಚಿಕ್ಕಮ್ಮ?"

"ನಿನ್ನೆ ಯಾರ ಹತ್ರ ಕದ್ದು ಮಾತಾಡ್ತಿದ್ದೆ? ನಿಜ ಹೇಳು."

ಗುಬ್ಬಿ ಕಣ್ಣು ತುಂಬಿಕೊಂಡಳು. "ನನ್ನ ಹತ್ರಾನೇ. ಹೋದ್ಸಲ ಪುಸ್ತಕ ಪೂರ್ತಿ ಓದಿದ್ದೆ. ಕಣ್ಣು ಓದ್ತಿತ್ತು, ತಲೆ ಎಲ್ಲೋ ಇತ್ತು. ಎಲ್ಲಾ ಗೊತ್ತು ಅನ್ಕೊಂಡು ಹೋಗಿ ಬೆಪ್ಪಾಗಿ ಕೂತೆ. ಈಗ ಪುಸ್ತಕ ಮುಚ್ಚಿ ನಂಗೆ ನಾನೇ ಕೇಳ್ಕೋತೀನಿ."

ಚಿಕ್ಕಮ್ಮ ಅಷ್ಟಕ್ಕೇ ಬಿಡುವವಳಲ್ಲ. ಮೇಜಿನ ಮೇಲಿದ್ದ ಪುಸ್ತಕ ತೆರೆದಳು. "ಡ್ರಿಪ್ ಹಾಕಿರೋ ಕೈ ಊದಿಕೊಂಡ್ರೆ?"

"ಡ್ರಿಪ್ ನಿಲ್ಲಿಸಿ ಸೂಜಿ ತೆಗೀಬೇಕು. ಕೈ ಎತ್ತರಕ್ಕಿಡಬೇಕು."

"ಯಾಕೆ?"

"ನೀರು ನರದೊಳಗೆ ಹೋಗದೆ ಹೊರಗೆ ಸೋರಿರುತ್ತೆ."

"ಶಾಖ ಕೊಡ್ಬೇಕೋ, ತಣ್ಣೀರ ಬಟ್ಟೆನೋ?"

"ಶಾಖ..." ಗುಬ್ಬಿ ತಡೆದಳು. "ಇಲ್ಲ, ಬಾಯಿಗೆ ಬಂದಿದ್ದು ಹೇಳ್ತಿದೀನಿ. ಯಾವ ಔಷಧಿ ಅನ್ನೋದ್ರ ಮೇಲಿರ್ಬೇಕು. ಇದು ನಂಗೆ ಗೊತ್ತಿಲ್ಲ, ಇವತ್ತು ಓದ್ಬೇಕು."

ಗೊತ್ತಿಲ್ಲ ಅಂದ ಆ ಒಂದು ಮಾತು ಚಿಕ್ಕಮ್ಮನಿಗೆ ನಂಬಿಕೆ ತಂದಿತು. ಕೆದಕಿದ ಬಟ್ಟೆಗಳನ್ನು ಮಡಚತೊಡಗಿದಳು. "ತಪ್ಪಾಯ್ತು ಕಣೆ" ಅಂದಳು, ಬಟ್ಟೆಯಿಂದ ಕಣ್ಣೆತ್ತದೆ.

"ಕ್ಷಮೆ ಗಿಮೆ ಬೇಡ. ಪ್ರಶ್ನೆ ನಾನೇ ಕೇಳ್ಕೊಂಡ್ರೆ ನಂಗೇ ವಿನಾಯ್ತಿ ಕೊಟ್ಕೋತೀನಿ. ನೀನು ಯಾರನ್ನೂ ನಂಬಲ್ವಲ್ಲ, ಇನ್ಮೇಲೆ ನೀನೇ ಕೇಳು."

ಅಂದಿನಿಂದ ಗುಬ್ಬಿ ಮಿಷನ್ ಪಕ್ಕದಲ್ಲೇ ಬಟ್ಟೆಗೆ ಗುಂಡಿ ಹೊಲಿಯುತ್ತ ಉತ್ತರ ಹೇಳಿದಳು. ಪ್ರತಿ ಉತ್ತರಕ್ಕೂ ಚಿಕ್ಕಮ್ಮ "ಹೌದಾ? ಹೇಗೆ?" ಅಂದಳು. ಆ ಸಲ ಹುಡುಗಿ ಪಾಸಾದಳು.