ಒಬ್ಬನೇ ಮಗ

ಸೋಫಾ ಕುಶನ್ ಕೆಲಸದವನಿಗೆ ಇಬ್ಬರು ಮಕ್ಕಳು. ದೊಡ್ಡವಳು ಹನ್ನೊಂದರ ಹುಡುಗಿ. ಮನೆಯಲ್ಲಿ ಎಲ್ಲರಿಗೂ ಗುಬ್ಬಿ. ಚಿಕ್ಕವನು ಗುಂಡ, ಐದು ತುಂಬಿತ್ತು. ಗುಬ್ಬಿಗೆ ಆಗಾಗ ಫಿಟ್ಸ್ ಬರುತ್ತಿತ್ತು. ಒಮ್ಮೆ ತರಗತಿಯಲ್ಲೇ ಬಿದ್ದು ಬೆಂಚಿಗೆ ತಾಗಿ ಹಲ್ಲು ಮುರಿದುಕೊಂಡಾಗ, ಸರ್ಕಾರಿ ಶಾಲೆಯ ಮೇಷ್ಟ್ರು ಪೂರ್ತಿ ವಾಸಿಯಾದ ಮೇಲೆ ಕಳಿಸಿ ಎಂದುಬಿಟ್ಟರು. ಮಾತ್ರೆ ಬದಲಾದವು, ಕಾಯಿಲೆ ಬದಲಾಗಲಿಲ್ಲ. ಹುಡುಗಿ ಮನೆಯಲ್ಲೇ ಉಳಿದಳು. ಸುಮ್ಮನೆ ಕೂರುವ ಜೀವವಲ್ಲ ಅವಳದು. ಅಪ್ಪ ತಂದ ರೆಕ್ಸಿನ್ ಚೂರುಗಳ ಮೇಲೆ ಸೀಮೆಸುಣ್ಣದಲ್ಲಿ ತಮ್ಮನ ಕೈಲಿ ಬರೆಸಿದಳು, ಒರೆಸಿ ಮತ್ತೆ ಬರೆಸಿದಳು. ಗುಂಡ ಎಷ್ಟು ಕಲಿತನೆಂದರೆ, ಅವನನ್ನು ಕರೆದುಕೊಂಡು ಸಾಮಾನಿಗೆ ಹೋದವರಿಗೆ ಅವನು ಓದುವ ದಾರಿಯ ಬೋರ್ಡುಗಳನ್ನೆಲ್ಲ ಕೇಳಿ ಕೇಳಿ ತಲೆ ಚಿಟ್ಟು ಹಿಡಿಯುತ್ತಿತ್ತು.

ಇವನಿಗಾದರೂ ಒಳ್ಳೆಯ ಶಾಲೆ ಸಿಗಲಿ ಎಂದು ತಾಯಿ ಹಟ ಹಿಡಿದಳು. ಅವಳು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಂಡ ಹೆಂಡತಿ ರಜೆ ಹಾಕಿ ಖಾಸಗಿ ಶಾಲೆಗಳನ್ನು ಸುತ್ತಿದರು. ಒಂದರಲ್ಲಿ ಕೋಳಿಗೂಡಿನಂಥ ಕೋಣೆಗಳು. ಇನ್ನೊಂದರಲ್ಲಿ ವಾಚ್‌ಮನ್ನೇ ಒಳಗೆ ಬಿಡಲಿಲ್ಲ. ಕೊನೆಗೆ ನೋಡಿದ್ದು ಇಬ್ಬರಿಗೂ ಹಿಡಿಸಿತು: ಅಗಲ ಕಿಟಕಿಗಳು, ಆಡಲು ಬಯಲು, ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಪುಸ್ತಕಗಳು.

ಆದರೆ ಅಂಗಡಿಯ ಗೆಳತಿಯೊಬ್ಬಳು ಎಚ್ಚರಿಸಿದಳು. ಅಲ್ಲಿ ಮನೆಯವರ ಪೂರ್ವಾಪರವನ್ನೆಲ್ಲ ಜಾಲಾಡುತ್ತಾರಂತೆ. ತನ್ನ ನೆಂಟರ ಮಗುವಿಗೆ, ಅದರ ಅಣ್ಣನ ಕಾಯಿಲೆಯ ವಿಷಯ ಬಾಯಿಬಿಟ್ಟಿದ್ದಕ್ಕೇ ಸೀಟು ತಪ್ಪಿತಂತೆ. ನಿಜವೋ ಸುಳ್ಳೋ, ತಾಯಿ ಅದನ್ನು ನಂಬಿಬಿಟ್ಟಳು. ಗುಬ್ಬಿಯ ಸುದ್ದಿಯನ್ನೇ ಎತ್ತುವುದು ಬೇಡ ಎಂದಳು.

"ಇರೋ ಮಗಳನ್ನ ಇಲ್ಲ ಅನ್ನೋದಾ?" ಎಂದ ಗಂಡ.

"ಒಂದು ದಿನದ ಮಾತು ರೀ. ಅವಳದಂತೂ ಹೀಗಾಯ್ತು, ಇವನದೂ ಹಾಳಾಗ್ಬೇಕಾ?"

ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದ ಗುಬ್ಬಿಗೆ ಎಲ್ಲ ಕೇಳಿಸಿತ್ತು. ಅವಳಿಗೆ ತಿಳಿಸಿ ಹೇಳುವ ಗೋಜಿಗೆ ಯಾರೂ ಹೋಗಲಿಲ್ಲ. ತಮ್ಮನಿಗೆ ಈ ಪಾಠ ಕಲಿಸುವುದನ್ನೂ ಅವಳೇ ಮೈಮೇಲೆ ಹಾಕಿಕೊಂಡಳು. ಅಮ್ಮನ ದುಪಟ್ಟಾ ಹೊದ್ದು, ಕುರ್ಚಿಯ ಮೇಲೆ ಸೆಟೆದು ಕೂತು ಹೆಡ್ ಮೇಡಂ ಆದಳು.

"ನಿಂಗೆ ಅಕ್ಕ ಇದ್ದಾಳೇನಪ್ಪಾ?"

"ನೀನೇ ಇದೀಯಲ್ಲ."

"ಹಾಗಲ್ವೋ ಪೆದ್ದ. ನಾನೊಬ್ಬನೇ ಅನ್ಬೇಕು. ನನ್ನ ಮುಖ ನೋಡ್ಕೊಂಡೇ ಹೇಳು."

ಗುಂಡ ಮೊದಲು ನಕ್ಕ, ಆಮೇಲೆ ಅತ್ತ. ಅವಳು ಬಿಡಲಿಲ್ಲ. ಕೊನೆಗೆ ಅವನು ಕಣ್ಣು ಮಿಟುಕಿಸದೆ ಹೇಳಿದಾಗ ಭೇಷ್ ಎಂದು ಬೆನ್ನು ತಟ್ಟಿದಳು.

ಸಂದರ್ಶನದಲ್ಲಿ ಆ ಪ್ರಶ್ನೆ ಬಂತು. ಗುಂಡ ಪಾಠ ಒಪ್ಪಿಸಿದ. ಹೆಡ್ ಮೇಡಂ ಪುಸ್ತಕವೊಂದನ್ನು ಮುಂದಿಟ್ಟರು; ಪಟಪಟನೆ ಓದಿದ. ಇಷ್ಟು ಚೆನ್ನಾಗಿ ಕಲಿಸಿದ್ದು ಯಾರು ಎಂದು ಅವರು ಕೇಳಿದರು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹುಡುಗ ತಾಯಿಯ ಕಡೆ ತಿರುಗಿ ನೋಡಿ, "ಅಮ್ಮ" ಎಂದ. ಮೇಡಂ ಮೆಚ್ಚಿ ತಲೆದೂಗಿದರು. ತಾಯಿ ನಗಲು ನೋಡಿದಳು. ಗಂಡ ನೆಲ ನೋಡುತ್ತ ಕೂತಿದ್ದ.

ಸೀಟು ಸಿಕ್ಕಿತು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವಳು ಗುಬ್ಬಿ.

ಒಂದು ದಿನದ ಮಾತು ಅಂದಿದ್ದು ಒಂದು ದಿನಕ್ಕೆ ಮುಗಿಯಲಿಲ್ಲ. ಶಾಲೆಯ ವ್ಯಾನು ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲಬೇಡ ಎಂದು ಅವಳಿಗೆ ಹೇಳಲಾಯಿತು. ಶಾಲೆಯ ವಾರ್ಷಿಕೋತ್ಸವಕ್ಕೆ ಮೂವರೇ ಹೋಗಿಬಂದರು. ಗುಂಡನಿಗೆ ಅಭ್ಯಾಸವಾಯಿತು. ಅಕ್ಕ ಎಂಬ ಮಾತು ಅವನ ಮಟ್ಟಿಗೆ ಮನೆಯೊಳಗೆ ಮಾತ್ರ ತೊಡುವ ಹಳೆಯ ಅಂಗಿಯಂತಾಯಿತು.

ಮಧ್ಯಾಹ್ನವೊಂದರಲ್ಲಿ ಗುಬ್ಬಿ ಬೀದಿಯ ನಲ್ಲಿಗೆ ಹೋಗಿದ್ದಳು. ಅಂದು ವ್ಯಾನು ಬೇಗ ಬಂತು. ಬಿಂದಿಗೆ ಅಲ್ಲೇ ಬಿಟ್ಟು ಅವಸರದಲ್ಲಿ ಓಡಿದಳು. ಮನೆ ಮುಟ್ಟುವ ಮೊದಲೇ ಫಿಟ್ಸ್ ಬಂದು ಚರಂಡಿಯ ಕಲ್ಲಿನ ಮೇಲೆ ಬಿದ್ದಳು. ವ್ಯಾನಿನ ಮಕ್ಕಳೆಲ್ಲ ಕಿಟಕಿಗೆ ಮುಗಿಬಿದ್ದರು. ಯಾರೋ ಅದು ಅಂತ ಒಬ್ಬ ಕೇಳಿದ. ಕೆಳಗಿಳಿದಿದ್ದ ಗುಂಡ, "ಗೊತ್ತಿಲ್ಲ" ಎಂದು, ಅವಳನ್ನು ಬಳಸಿಕೊಂಡು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಎದುರಿನ ಇಸ್ತ್ರಿ ಅಂಗಡಿಯವಳು ಓಡಿಬಂದು ಹುಡುಗಿಯನ್ನು ಮಗ್ಗುಲಿಗೆ ಹೊರಳಿಸಿ, ರಕ್ತ ಸುರಿಯುತ್ತಿದ್ದ ತಲೆಗೆ ಸೆರಗು ಒತ್ತಿ ಹಿಡಿದಳು. ಕಂಡದ್ದನ್ನೆಲ್ಲ ಸಂಜೆ ಆಸ್ಪತ್ರೆಯ ವರಾಂಡದಲ್ಲಿ ತಂದೆತಾಯಿಗೆ ಹೇಳಿದವಳೂ ಅವಳೇ. ಅಲ್ಲೇ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಗುಬ್ಬಿಗೆ ಎಚ್ಚರವಾಗಿದ್ದು ಯಾರಿಗೂ ತಿಳಿಯಲಿಲ್ಲ.

ತಂದೆ ಮನೆಗೆ ಬಂದು ಮಗನ ಮೇಲೆ ಕೈಯೆತ್ತಿದ. ಹುಡುಗ ಗೋಡೆಗೆ ಆತುಕೊಂಡು, "ಹಾಗೇ ಹೇಳು ಅಂತ ನೀವೇ ಹೇಳಿದ್ದು" ಎಂದ. ಎತ್ತಿದ ಕೈ ಕೆಳಗಿಳಿಯಿತು.

ಮರುದಿನ ತಂದೆ ಎಲ್ಲ ಹೇಳಿಬಿಡುವೆನೆಂದು ಶಾಲೆಯ ಗೇಟಿನವರೆಗೂ ಹೋದ. ಒಳಗೆ ಮಕ್ಕಳು ಆಡುತ್ತಿದ್ದರು. ತುಂಬ ಹೊತ್ತು ನಿಂತಿದ್ದು, ವಾಪಸ್ ಬಂದ.

ಗುಬ್ಬಿಯ ಗಾಯ ಮಾಯಿತು. ತಮ್ಮನ ಮೇಲೆ ಅವಳು ರೇಗಲಿಲ್ಲ. ಅವನು ಪುಸ್ತಕ ಹಿಡಿದು ಬಂದರೆ, ನನಗೆ ಇದೆಲ್ಲ ಬರಲ್ಲ ಕಣೋ ಎಂದು ಎದ್ದು ಹೋಗುತ್ತಿದ್ದಳು. ಮನೆಯಲ್ಲಿ ಒಬ್ಬಳೇ ಇರುವುದು ಬೇಡವೆಂದು ತಂದೆ ಅವಳನ್ನು ತನ್ನ ಕುಶನ್ ಅಂಗಡಿಗೆ ಕರೆದೊಯ್ಯತೊಡಗಿದ. ಹಳೆ ಸೋಫಾಗಳಿಂದ ಕಿತ್ತ ಮೊಳೆಗಳಲ್ಲಿ ನೆಟ್ಟಗಿರುವುದನ್ನು, ಸೊಟ್ಟಗಿರುವುದನ್ನು ಬೇರೆ ಮಾಡುವುದು ಅವಳ ಕೆಲಸ.

ಒಮ್ಮೆ ಗಿರಾಕಿಯೊಬ್ಬ, ಈ ಹುಡುಗಿ ಯಾರು ಎಂದು ಕೇಳಿದ.

"ನನ್ನ ಮಗಳು," ಎಂದ ತಂದೆ, ಬೇಕಾದ್ದಕ್ಕಿಂತ ಗಟ್ಟಿಯಾಗಿ. "ದೊಡ್ಡ ಮಗಳು."

ಗುಬ್ಬಿ ಎದ್ದು, ಮೊಳೆಯ ಡಬ್ಬಿ ಎತ್ತಿಕೊಂಡು, ಹೊರಗಿನವರಿಗೆ ಕಾಣದಂತೆ ಸ್ಪಂಜಿನ ಉರುಳೆಗಳ ಹಿಂದೆ ಹೋಗಿ ಕೂತಳು.