ಮೇಲೆ ನೋಡಿದವನು

ತಮ್ಮ ಸತ್ತ ಸುದ್ದಿ ಬಂದ ದಿನ ಅಕ್ಕ ಹೊಲಿಗೆ ಯಂತ್ರದ ಮುಂದೆ ಕುಳಿತು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು. ಪ್ರವಾಸ ಕಂಪನಿಯ ಮ್ಯಾನೇಜರ್ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಒಂದು ಕಾಗದ, ಕಂಕುಳಲ್ಲಿ ಮಡಿಸಿದ ಡೇರೆ. ಮುಖದ ಮೇಲಿನ ದುಃಖ ಬಾಡಿಗೆಗೆ ತಂದಂತಿತ್ತು.

"ಕಾಡಿನಲ್ಲಿ ಒಣಕೊಂಬೆ ಬಿತ್ತಮ್ಮ. ನಿಮ್ಮ ತಮ್ಮ ಮಲಗಿದಲ್ಲೇ ಹೋದರು. ನೋವೇ ಆಗಿಲ್ಲ."

"ನೀನು ಪಕ್ಕದಲ್ಲೇ ಮಲಗಿದ್ದೆಯೇನೋ?" ಎಂದಳು ಅಕ್ಕ.

ಅವನು ಕಾಗದ ಮುಂದೆ ಹಿಡಿದ. 'ಮೇಲೆ ನೋಡದೆ ಡೇರೆ ಹೂಡಿದ ಸ್ವಂತ ಅಜಾಗರೂಕತೆಯಿಂದ ಮೃತಪಟ್ಟಿರುತ್ತಾರೆ' ಎಂದು ಬರೆದಿತ್ತು.

ಡೇರೆ ಅವಳೇ ಹೊಲಿದುಕೊಟ್ಟದ್ದು. ಬಿಡಿಸಿ ನೋಡಿದಳು. ಬಟ್ಟೆ ನಟ್ಟನಡುವೆ ಸೀಳಿತ್ತು, ಹೊಲಿಗೆ ಮಾತ್ರ ಒಂದೆಳೆಯೂ ಬಿಟ್ಟಿರಲಿಲ್ಲ. ಅವಳಿಗೆ ಅಳು ಬಂದದ್ದು ಆಗ.

ಆದರೆ ಕಾಗದದ ಆ ಮಾತು ಗಂಟಲಲ್ಲಿ ಮುಳ್ಳಾಗಿ ನಿಂತಿತು. ತಮ್ಮ ಮೂವತ್ತು ವರ್ಷ ಮಳೆಕಾಡಿನಲ್ಲಿ ಜನರಿಗೆ ದಾರಿ ತೋರಿಸಿದವನು. "ಹಾವಿಗಿಂತ ಒಣಕೊಂಬೆಗೆ ಹೆದರಬೇಕಕ್ಕಾ" ಎನ್ನುತ್ತಿದ್ದವನು. ಅವಳ ಮನೆಗೆ ಬಂದರೂ ಚಾವಣಿ ನೋಡಿಯೇ ಚಾಪೆ ಹಾಸುತ್ತಿದ್ದ. ಅಂಥವನು ಮರೆತನೇ? ದೇವರ ಮುಂದೆ ಕುಳಿತರೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ತಮ್ಮ ಹೇಗೆ ಹೋದನೆಂದೇ ತಿಳಿಯದೆ ಯಾವ ಮಾತಿನಲ್ಲಿ ಅವನಿಗೆ ಶಾಂತಿ ಬೇಡುವುದು?

ಎರಡು ತಿಂಗಳ ಮೇಲೆ ಅವಳೇ ಕಂಪನಿಯ ಕಚೇರಿಗೆ ಹೋಗಿ, ಅದೇ ಪ್ರವಾಸಕ್ಕೆ ತನ್ನನ್ನೂ ಸೇರಿಸು ಎಂದಳು.

"ಹನ್ನೆರಡು ಜನ ಭರ್ತಿಯಾಗಿದ್ದಾರಮ್ಮ. ಇರಲಿ, ನಿಮಗಾಗಿ ಜಾಗ ಮಾಡ್ತೀನಿ. ಒಬ್ಬರು ಹೆಚ್ಚಾದರೆ ಕಾಡೇನು ಚಿಕ್ಕದಾಗುತ್ತಾ?" ಎಂದು ಮ್ಯಾನೇಜರ್ ಹಲ್ಲು ಕಿರಿದ.

ಹೊರಟ ದಿನ ಬೆಳಿಗ್ಗೆ ಅಕ್ಕ ಆ ಹನ್ನೆರಡು ಜನರನ್ನು ದರ್ಜಿಯ ಕಣ್ಣಿನಿಂದ ಅಳೆದಳು. ಒಬ್ಬೊಬ್ಬರ ಅಂಗಿಗೂ ಹತ್ತು ಹದಿನಾರು ಜೇಬು, ಜೇಬಿನಲ್ಲಿ ಗಾಳಿ. ಮೂಗಿಗಿಂತ ಮೂಗುತಿ ಭಾರ. ಅವರ ನಾಯಕ ತಾನೇ ಎಂದುಕೊಂಡಿದ್ದ ದೊಡ್ಡ ಟೋಪಿಯವನ ಬೆನ್ನಲ್ಲಿ ಅಂಗಡಿಯ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು. ಅವಳು ನೋಡಿದಳು, ಹೇಳಲಿಲ್ಲ.

ಒಳಗೆ ಹೋದಂತೆ ಕಾಡು ಬಾಗಿಲು ಮುಚ್ಚಿಕೊಂಡಿತು. ಆಳೆತ್ತರದ ಬೇರುಗಳು ಗೋಡೆಗಳಂತೆ ನಿಂತಿದ್ದವು. ಮಳೆ ನಿಂತಿದ್ದರೂ ಎಲೆಗಳು ತೊಟ್ಟಿಕ್ಕುತ್ತಲೇ ಇದ್ದವು. ಜನ ಕಾಡನ್ನು ನೋಡಲಿಲ್ಲ, ಕಾಡಿನ ಮುಂದೆ ನಿಂತ ತಮ್ಮನ್ನೇ ಫೋನಿನಲ್ಲಿ ನೋಡಿಕೊಂಡರು. ಒಂದು ಜಿಗಣೆ ಕಾಲಿಗೆ ಹತ್ತಿದರೆ ಹನ್ನೆರಡು ಬಾಯಿ ಕಿರುಚಿದವು.

"ಏನಯ್ಯಾ ಗೈಡೇ, ಬರೀ ಮರಗಳೇ! ಪ್ರಾಣಿಗಳೆಲ್ಲಿ?" ಎಂದ ಟೋಪಿಯವನು.

"ನೀವು ಬಂದಿರಲ್ಲ, ಜಾಗ ಸಾಲದು ಅಂತ ಹೋಗಿವೆ" ಎಂದಳು ಅಕ್ಕ. ಹುಣಿಸೆಮರಕ್ಕೆ ಮುಪ್ಪಾದರೆ ಹುಳಿಗೆ ಮುಪ್ಪೇ?

ಗೈಡ್ ನಗಲಿಲ್ಲ. ಅವನು ತಮ್ಮನ ಕೈಕೆಳಗೆ ಹತ್ತು ವರ್ಷ ಸಾಮಾನು ಹೊತ್ತವನು, ಈಗ ತಮ್ಮನ ಕೆಲಸಕ್ಕೆ ಬಂದಿದ್ದ. ಗಡ್ಡ ನರೆತ ಆ ಮನುಷ್ಯ ಬೆಳಗಿನಿಂದ ಅಕ್ಕನಿಂದ ಮುಖ ತಪ್ಪಿಸುತ್ತಿದ್ದ.

ಸಂಜೆಗೆ ಮೊದಲೇ ತೊರೆಯ ಪಕ್ಕದ ಬಿಡಾರಕ್ಕೆ ಬಂದರು. ನೆಲ ಸಮ ಮಾಡಿ, ಸುತ್ತ ಕಲ್ಲಿಟ್ಟ ಹದಿಮೂರು ಜಾಗಗಳಿದ್ದವು. ಮಿಕ್ಕದ್ದೆಲ್ಲ ಇಳಿಜಾರು, ಬೇರು, ಕೆಸರು. ಗೈಡ್ ಒಂದೊಂದು ಜಾಗದಲ್ಲೂ ನಿಂತು ಕತ್ತೆತ್ತಿ ನೋಡಿ, ಆಮೇಲೇ ಅಲ್ಲಿ ಡೇರೆ ಹೂಡಿಸಿದ.

"ಆಕಾಶದಲ್ಲಿ ಸೈಟು ಹುಡುಕ್ತಿದ್ದೀಯೇನಯ್ಯ?" ಎಂದ ಟೋಪಿಯವನು. ಮಂದೆ ನಕ್ಕಿತು.

ಹದಿಮೂರನೆಯ ಜಾಗವನ್ನು ಗೈಡ್ ಅಕ್ಕನಿಗೆ ಕೊಟ್ಟ. ತನ್ನ ಗಂಟನ್ನು, ಡೇರೆ ಹಿಡಿಸುವಷ್ಟು ಒಣನೆಲ ಉಳಿದಿದ್ದ ಒಂದೇ ಕಡೆಗೆ, ಅಂಚಿನಲ್ಲಿದ್ದ ಹೆಮ್ಮರದ ಬುಡಕ್ಕೆ ಒಯ್ದ. ಅಲ್ಲಿಯೂ ಮೇಲೆ ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ಬಗ್ಗಿ ಗೂಟ ಹೊಡೆಯತೊಡಗಿದ.

ಅಕ್ಕ ಹತ್ತಿರ ಹೋಗಿ ತಾನೂ ಕತ್ತೆತ್ತಿದಳು. ತೊಲೆಯಷ್ಟು ದಪ್ಪದ ಒಣಕೊಂಬೆ ಬಳ್ಳಿಗಳಲ್ಲಿ ಸಿಕ್ಕಿ ತೂಗುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಮುರಿದು ಬಿದ್ದ ಗುರುತು.

"ಕಂಡಿತಲ್ಲ?"

"ಕಂಡಿತಕ್ಕಾ."

"ಮತ್ತೆ?"

ಅವನು ಗೂಟ ನೋಡುತ್ತಲೇ ಹೇಳಿದ: "ಇರೋದು ಹದಿಮೂರು ಜಾಗ. ಹನ್ನೆರಡು ಗಿರಾಕಿಗಳಿಗೆ, ಒಂದು ಗೈಡಿಗೆ. ಗಿರಾಕಿಗೆ ಒಬ್ಬೊಬ್ಬರಿಗೂ ಬೇರೆ ಡೇರೆ ಅಂತ ಕಂಪನಿ ಮಾತು ಕೊಟ್ಟಿದೆ. ಆವತ್ತೂ ಒಬ್ಬರನ್ನ ಹೆಚ್ಚಿಗೆ ಕಳಿಸಿದ್ರು. ನಾನು ಸಾಮಾನು ಇಳಿಸಿ ವಾಪಸು ಹೊರಟಾಗ ಅಣ್ಣ ಇಲ್ಲೇ ನಿಂತು ಮೇಲೆ ನೋಡ್ತಿದ್ರು. 'ಒಂದು ರಾತ್ರಿ ತಾನೇ, ನಡಿಯೋ' ಅಂದ್ರು."

"ನೋಡಲಿಲ್ಲ ಅಂತ ಬರೆದಿದ್ದಾರಲ್ಲೋ!"

"ಇನ್ನೇನು, ಹದಿಮೂರನೇ ಗಿರಾಕಿಯನ್ನ ನಾವೇ ಕಳಿಸಿದ್ವಿ ಅಂತ ಬರೀತಾರಾ?"

ಅಕ್ಕನಿಗೆ ಆಗ ಹೊಳೆಯಿತು. ಇಂದಿನ ಹದಿಮೂರನೆಯವಳು ತಾನೇ. ಬೆಳಗಿನಿಂದ ಎಲ್ಲರನ್ನೂ ಕಾಲಕಸದಂತೆ ನೋಡಿದವಳು ಕಾಲಕಸಕ್ಕಿಂತ ಕಡೆಯಾಗಿ ಇನ್ನೊಬ್ಬರ ತಮ್ಮನನ್ನು ಕೊಂಬೆಯ ಕೆಳಗೆ ನೂಕಿದ್ದಳು.

ಗೂಟ ಕಿತ್ತು ಹಿಡಿದು ಮಂದೆಯ ನಡುವೆ ಹೋದಳು. ಸಂಗತಿ ಹೇಳಿದಳು. "ಯಾರಾದರೂ ಇಬ್ಬರು ಒಂದು ಡೇರೆಯಲ್ಲಿ ಮಲಗಿ. ಈ ಮನುಷ್ಯನಿಗೆ ಜಾಗವಾಗುತ್ತೆ."

ಒಬ್ಬ ಬೂಟಿನ ದಾರ ಕಟ್ಟಿಕೊಂಡ. ಒಬ್ಬಳು ಫೋನಿನಲ್ಲಿ ಇಲ್ಲದ ಸಿಗ್ನಲ್ ಹುಡುಕಿದಳು. ಟೋಪಿಯವನು ಗಂಟಲು ಸರಿಮಾಡಿಕೊಂಡ. "ಒಂಟಿ ಡೇರೆ ಅಂತ ನೋಡಿಯೇ ಬಂದದ್ದಮ್ಮ. ಅಪಾಯ ಅವರ ವೃತ್ತಿ ಅಲ್ಲವೇ?"

"ನಿಮ್ಮ ಬೆನ್ನ ಮೇಲೆ ಅಂಗಡಿ ಚೀಟಿ ಇದೆ ಸ್ವಾಮಿ. ತೆಗೀಬೇಡಿ. ನಿಮ್ಮ ಬೆಲೆ ಎಷ್ಟು ಅಂತ ಜನಕ್ಕೆ ತಿಳೀಲಿ" ಎಂದು ಅಕ್ಕ ತಿರುಗಿ ಬಂದಳು.

"ನಿನ್ನ ಗಂಟು ತಾ. ನನ್ನ ಡೇರೆಯಲ್ಲೇ ಮಲಗು."

"ಕಂಪನಿ ಒಪ್ಪಲ್ಲಕ್ಕಾ..."

"ಅಕ್ಕನ ಪಕ್ಕ ತಮ್ಮ ಮಲಗೋಕೆ ಕಂಪನಿ ಅಪ್ಪಣೆ ಬೇಕೇನೋ?"

ಚೀಲದ ತಳದಿಂದ ತಮ್ಮನ ಡೇರೆ ತೆಗೆದಳು. ಬೆಳಕಿರುವಾಗಲೇ ಸೂಜಿಗೆ ದಾರ ಪೋಣಿಸಿ, ಸೀಳನ್ನು ಒತ್ತೊತ್ತಾಗಿ ಹೊಲಿದು, ಡೇರೆಯ ನಡುವೆ ಪರದೆಯಾಗಿ ಕಟ್ಟಿದಳು. ಆಚೆ ಕಡೆ ಗೈಡ್ ಮುದುಡಿ ಕುಳಿತ. ಈಚೆ ಕಡೆ ಅವಳು ಹೊಲಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು. ಎರಡು ತಿಂಗಳ ಮೇಲೆ ಪ್ರಾರ್ಥನೆ ಬಾಯಿಗೆ ಬಂತು.

"ದೇವರೇ, ನನ್ನ ತಮ್ಮ ನೋಡಿದ್ದ. ನೋಡಿಯೇ ಮಲಗಿದ. ಹೊರಗಿರುವ ಈ ಜನರನ್ನು ಕ್ಷಮಿಸು ಎನ್ನಲು ನನಗೆ ಮನಸ್ಸು ಬರುತ್ತಿಲ್ಲ, ನಿನ್ನ ಮುಂದೆ ಸುಳ್ಳಾಡಲಾರೆ. ಅವರನ್ನು ನೀನೇ ನೋಡಿಕೋ. ಅವನಿಗೆ ಮಾತ್ರ ನಿನ್ನ ಬಳಿ ಒಂದು ಜಾಗ ಕೊಡು. ಕತ್ತೆತ್ತಿ ನೋಡಬೇಕಿಲ್ಲದ ಜಾಗ, ಯಾರಿಗೂ ಬಿಟ್ಟುಕೊಡಬೇಕಿಲ್ಲದ ಜಾಗ. ಅಲ್ಲಿ ಅವನು ಶಾಂತಿಯಿಂದ ಮಲಗಲಿ."